ಪದ್ಮಿನಿಯ ಹಳೆಯ ಕಾರ್ಬುರೇಟರ್: ಕಿತ್ತು ಹಾಕೋದಾ, ರಿಪೇರಿ ಮಾಡಿಸೋದಾ?

ಪ್ರಶ್ನೆ: ಸರ್, ಅಪ್ಪ ತೆಗೆದುಕೊಂಡಿದ್ದ 1985ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಕೈಗೆ ಬಂದಿದೆ. ಊರು ಮೈಸೂರು. ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಕಾರಿನ ಜೊತೆ ಬಂದ ಸೋಲೆಕ್ಸ್ ಕಂಪನಿಯದು. ಸುಮಾರು ಒಂದು ವರ್ಷದಿಂದ ಒಂದಲ್ಲ ಒಂದು ಕಾಟ. ಶೆಡ್ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಸಿಗ್ನಲ್‌ನಿಂದ ಹೊರಡುವಾಗ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಸತ್ತಂತಾಗಿ ಆಮೇಲೆ ಎಳೆಯುತ್ತದೆ. ಬಿಸಿಯಾದ ಮೇಲೆ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗೋದೇ ಕಷ್ಟ. ಪ್ಲಗ್‌ಗಳು ಮಸಿ ಹಿಡಿದಿರುತ್ತವೆ. ಮೈಲೇಜ್ ಲೀಟರ್‌ಗೆ 8 ಕಿ.ಮೀ. ಮಡಿಕೇರಿಗೆ ಹೋದರೆ ಇನ್ನೂ ಜಾಸ್ತಿ ಹೊಗೆ, ಮಂಗಳೂರಿಗೆ ಇಳಿದರೆ ಗಾಡಿ ಸ್ವಲ್ಪ ಚೆನ್ನಾಗೇ ಓಡುತ್ತದೆ! ಮೈಲೇಜ್‌ಗೆ ಅಂತ ಹಿಂದೆ ಒಬ್ಬರು ಜೆಟ್ಟಿನೊಳಗೆ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ತಂತಿಯ ಎಳೆ ಹಾಕಿದ್ದರು. ಈಗಿನ ಗ್ಯಾರೇಜಿನವರು "ಇದನ್ನ ಎಸೆದು ಮಾರುತಿ ಕಾರ್ಬುರೇಟರ್ ಹಾಕಿ" ಅನ್ನುತ್ತಾರೆ. ಸ್ನೇಹಿತರು "ಎಲ್ಲಾ ಈ ಎಥನಾಲ್ ಪೆಟ್ರೋಲ್‌ನಿಂದ" ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಹೊಸ ಸೋಲೆಕ್ಸ್ ಮಾದರಿಯದ್ದೂ ಸಿಗುತ್ತಿದೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಚಿಂತೆ ಎರಡು ಭಾಗದ್ದು. ಈ ಕಾರ್ಬುರೇಟರ್‌ನ ಆಯಸ್ಸು ಮುಗಿದಿದೆಯಾ ಅನ್ನೋದು ಒಂದು. ಮುಗಿದಿದ್ದರೆ ಅದರ ಜಾಗಕ್ಕೆ ಏನು ಹಾಕಬೇಕು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕರೆ ಎರಡನೆಯ ಪ್ರಶ್ನೆ ಬಹುಶಃ ಏಳೋದೇ ಇಲ್ಲ. ಕೆಲಸಕ್ಕೆ ಬರುವ ಸುಳಿವುಗಳನ್ನು ನೀವೇ ಬರೆದಿದ್ದೀರಿ.

ಮಡಿಕೇರಿ, ಮಂಗಳೂರಿನ ವಿಷಯವನ್ನೇ ನೋಡಿ. ಕಾರ್ಬುರೇಟರ್‌ಗೆ ಗಾಳಿಯ ತೂಕ ಅಳೆಯೋಕೆ ಬರೋಲ್ಲ, ಎಷ್ಟು ಗಾತ್ರದ ಗಾಳಿ ಹೋಯಿತು ಅನ್ನೋದಷ್ಟೇ ಅದಕ್ಕೆ ಗೊತ್ತಾಗೋದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಆದರೆ ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಹಾಗಾಗಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗುತ್ತದೆ, ಅಂದರೆ ಮಿಕ್ಸ್ಚರ್ ರಿಚ್ ಆಗುತ್ತದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಅಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು 7 ಪರ್ಸೆಂಟ್ ತೆಳು. ಇದರಿಂದ ಮಿಕ್ಸ್ಚರ್ 4 ಪರ್ಸೆಂಟ್‌ನಷ್ಟು ರಿಚ್ ಆಗುತ್ತದೆ. ಮಡಿಕೇರಿ ಇನ್ನೂ ಎತ್ತರ. ಸರಿಯಾಗಿ ಟ್ಯೂನ್ ಆದ ಕಾರಿನಲ್ಲಿ ಈ ವ್ಯತ್ಯಾಸ ಡ್ರೈವರ್‌ಗೆ ಹೆಚ್ಚು ಕಡಿಮೆ ಗೊತ್ತೇ ಆಗೋಲ್ಲ. ನಿಮಗೆ ಎದ್ದು ಕಾಣುತ್ತಿದೆ, ಇಳಿದಂತೆಲ್ಲ ಗಾಡಿ ಸುಧಾರಿಸುತ್ತಿದೆ. ಅಂದರೆ ಅದು ಮೊದಲೇ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತಿದೆ. ಮಸಿ ಹಿಡಿದ ಪ್ಲಗ್, ವಾಸನೆ, 8 ಕಿ.ಮೀ. ಮೈಲೇಜ್ ಎಲ್ಲವೂ ಅದನ್ನೇ ಹೇಳುತ್ತಿವೆ.

ಈಗ ಎಥನಾಲ್ ವಿಷಯ. 2022ರ ಹೊತ್ತಿಗೆ ದೇಶದ ಪೆಟ್ರೋಲ್‌ನಲ್ಲಿ 10 ಪರ್ಸೆಂಟ್ ಎಥನಾಲ್ ಬಂದಿತ್ತು. 20 ಪರ್ಸೆಂಟಿನ ಇ20 ಪೆಟ್ರೋಲ್ ಬಿಡುಗಡೆಯಾಗಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಎಥನಾಲ್‌ನಲ್ಲೇ ಆಮ್ಲಜನಕ ಇದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕಿಲೋ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅದೇ ಜೆಟ್ಟಿನಲ್ಲಿ ಇ20 ಹರಿಸಿದರೆ ಮಿಕ್ಸ್ಚರ್ ಹೆಚ್ಚುಕಡಿಮೆ 8 ಪರ್ಸೆಂಟ್ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ರಿಚ್ ಅಲ್ಲ. ಹಾಗಾಗಿ ನಿಮ್ಮ ಪ್ಲಗ್ಗಿನ ಮಸಿಗೆ ಎಥನಾಲ್ ನೇರ ಕಾರಣ ಅಲ್ಲ. ಆದರೆ ಅದನ್ನು ಪೂರ್ತಿ ನಿರಪರಾಧಿ ಅಂತ ಬಿಟ್ಟುಬಿಡೋಕೂ ಆಗೋಲ್ಲ. ಹಳೆಯ ರಬ್ಬರ್, ಹಳೆಯ ಕಾರ್ಕ್ ಗ್ಯಾಸ್ಕೆಟ್ ಇದಕ್ಕೆ ತಡೆಯೋಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದಾಗ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಸೋಲೆಕ್ಸ್‌ನ ಮೈ ಸತು ಬೆರೆತ ಲೋಹದ್ದು, ನೀರು ನಿಂತ ಕಡೆ ಬಿಳಿ ಪುಡಿ ಕಟ್ಟುತ್ತದೆ. ಟ್ಯಾಂಕಿನ ಹಳೆಯ ತುಕ್ಕೂ ಕಿತ್ತು ಬರುತ್ತದೆ. ಆ ಕಸ ಬಂದು ಕೂರೋದು ನೀಡಲ್ ವಾಲ್ವ್‌ನ ಬಾಯಲ್ಲಿ.

ನನ್ನ ಅನುಮಾನ ಮೊದಲು ಹೋಗೋದೂ ಅಲ್ಲಿಗೇ. ಫ್ಲೋಟ್ ಬಟ್ಟಲಿಗೆ ಪೆಟ್ರೋಲ್ ಎಷ್ಟು ಬೇಕೋ ಅಷ್ಟಾದ ಮೇಲೆ ನೀಡಲ್ ಮುಚ್ಚಿಕೊಳ್ಳಬೇಕು. ಅದು ಪೂರ್ತಿ ಕೂರದಿದ್ದರೆ ಮಟ್ಟ ಏರುತ್ತದೆ. ಏರಿದ ಪೆಟ್ರೋಲ್ ಐಡ್ಲಿಂಗ್‌ನಲ್ಲೂ ಮೈನ್ ನಳಿಕೆಯಿಂದ ತೊಟ್ಟಿಕ್ಕುತ್ತದೆ. ನಮ್ಮವರು ಓವರ್‌ಫ್ಲೋ ಅನ್ನೋದು ಇದನ್ನೇ. ಬಿಸಿ ಎಂಜಿನ್ ನಿಲ್ಲಿಸಿದಾಗ ಬಟ್ಟಲಿನ ಪೆಟ್ರೋಲ್ ಕಾದು ಉಕ್ಕಿ ಮ್ಯಾನಿಫೋಲ್ಡ್‌ಗೆ (ಕಾರ್ಬುರೇಟರ್‌ನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ) ಇಳಿಯುತ್ತದೆ. ಹತ್ತು ನಿಮಿಷ ಆದ ಮೇಲೆ ಸೆಲ್ಫ್ ಹೊಡೆದರೆ ಎಂಜಿನ್ ಒಳಗೆಲ್ಲ ಪೆಟ್ರೋಲ್ ತುಂಬಿರುತ್ತದೆ. ಇದನ್ನು ಎಲ್ಲರೂ ವೇಪರ್ ಲಾಕ್ ಅಂತಾರೆ. ವೇಪರ್ ಲಾಕ್ ಆದರೆ ಪೆಟ್ರೋಲ್ ಬರೋದೇ ಇಲ್ಲ. ನಿಮಗೆ ಆಗುತ್ತಿರೋದು ಅದರ ಉಲ್ಟಾ. ಸದ್ಯಕ್ಕೆ ಹೀಗೆ ಮಾಡಿ: ಬಿಸಿ ಗಾಡಿ ಸ್ಟಾರ್ಟ್ ಮಾಡುವಾಗ ಚೋಕ್ (ತಣ್ಣಗಿರುವ ಎಂಜಿನ್‌ಗೆ ರಿಚ್ ಮಿಕ್ಸ್ಚರ್ ಕೊಡುವ ವ್ಯವಸ್ಥೆ) ಎಳೆಯಬೇಡಿ. ಆಕ್ಸಿಲರೇಟರ್ ನಿಧಾನವಾಗಿ ಪೂರ್ತಿ ಒತ್ತಿ ಹಾಗೇ ಹಿಡಿದು ಸೆಲ್ಫ್ ಹೊಡೆಯಿರಿ. ಪಂಪ್ ಮಾಡಬೇಡಿ, ಪ್ರತಿ ಸಲ ಒತ್ತಿದಾಗಲೂ ಇನ್ನಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ.

ಎರಡನೇ ಅನುಮಾನ ಚೋಕ್ ಮೇಲೆ. ಇದನ್ನು ಬಹಳ ಗ್ಯಾರೇಜ್‌ಗಳು ನೋಡೋದೇ ಇಲ್ಲ. ಬೇರೆ ಕಾರ್ಬುರೇಟರ್‌ಗಳಲ್ಲಿ ಚೋಕ್ ಅಂದರೆ ಮೇಲಿನ ಬಾಯಿ ಮುಚ್ಚುವ ತಟ್ಟೆ. ಹಳೆಯ ಸೋಲೆಕ್ಸ್ ಎಷ್ಟೋ ಮಾದರಿಗಳಲ್ಲಿ ಆ ತಟ್ಟೆ ಇರೋದಿಲ್ಲ. ಪಕ್ಕದಲ್ಲಿ ತಿರುಗುವ ಒಂದು ಡಿಸ್ಕ್, ಅದಕ್ಕೇ ಬೇರೆ ಜೆಟ್, ಬೇರೆ ದಾರಿ. ಸಣ್ಣ ಇನ್ನೊಂದು ಕಾರ್ಬುರೇಟರ್ ಅಂತಲೇ ಇಟ್ಟುಕೊಳ್ಳಿ. ಕೇಬಲ್ ಬಿಗಿಯಾಗಿ ಲಿವರ್ ಪೂರ್ತಿ ವಾಪಸ್ ಬರದಿದ್ದರೆ, ಅಥವಾ ಡಿಸ್ಕ್‌ನ ಮುಖ ಗೀರಿದ್ದರೆ, ಆ ದಾರಿ ದಿನವಿಡೀ ತೆರೆದೇ ಇರುತ್ತದೆ. ಹಾಗಾದಾಗ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಐಡ್ಲಿಂಗ್ ಬದಲಾಗೋಲ್ಲ. ನಿಮ್ಮದರಲ್ಲಿ ಈ ವ್ಯವಸ್ಥೆ ಇದ್ದರೆ ಕೇಬಲ್ ಕಳಚಿ, ಲಿವರ್ ಕೈಯಿಂದ ಪೂರ್ತಿ ಹಿಂದಕ್ಕೆ ತಳ್ಳಿ ಒಂದು ಸುತ್ತು ಓಡಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ಒಂದು ಕ್ಷಣ ಸತ್ತಂತಾಗೋದು ಬೇರೆ ಕಥೆ. ಥ್ರಾಟಲ್ ಥಟ್ಟನೆ ತೆರೆದಾಗ ಗಾಳಿ ತಕ್ಷಣ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಅಂತರ ತುಂಬೋಕೆ ಕಾರ್ಬುರೇಟರ್‌ನಲ್ಲೇ ಡಯಾಫ್ರಾಮ್, ಅಂದರೆ ಬಾಗುವ ಪೊರೆ, ಇರುವ ಒಂದು ಸಣ್ಣ ಪಂಪ್ ಇದೆ. ಏರ್ ಕ್ಲೀನರ್ ತೆಗೆದು, ಎಂಜಿನ್ ಆಫ್ ಇರುವಾಗಲೇ, ಟಾರ್ಚ್ ಹಿಡಿದು ಒಳಗೆ ನೋಡುತ್ತಾ ಥ್ರಾಟಲ್ ಎಳೆಯಿರಿ. ಎಳೆದ ಕ್ಷಣವೇ ನೇರವಾದ ಧಾರೆ ಚಿಮ್ಮಬೇಕು. ತಡವಾಗಿ ಬಂದರೆ, ತೊಟ್ಟಿಕ್ಕಿದರೆ ಡಯಾಫ್ರಾಮ್ ಸೆಟೆದುಕೊಂಡಿದೆ ಅಥವಾ ಹರಿದಿದೆ. ಹರಿದಿದ್ದರೆ ಪೆಟ್ರೋಲ್ ಹೊರಗೂ ಜಿನುಗುತ್ತದೆ, ನಿಮ್ಮ ಶೆಡ್ಡಿನ ವಾಸನೆಗೆ ಅದೂ ಕಾರಣ ಇರಬಹುದು. ಈ ಜಿನುಗನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹತ್ತಿರದಲ್ಲೇ ಸೈಲೆನ್ಸರ್ ಪೈಪ್ ಕಾದಿರುತ್ತದೆ. ರಿಪೇರಿ ಆಗುವವರೆಗೆ ಕಾರಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಕಾರ್ಬುರೇಟರ್ ಬಿಚ್ಚುವ ಮುಂಚೆ ಇಗ್ನಿಷನ್ ಕಡೆ ನೋಡಿಸಿ. ಗ್ಯಾರೇಜಿಗೆ ಕಾರ್ಬುರೇಟರ್ ದೂರು ಹೊತ್ತು ಬರುವ ಹಳೆಯ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಕಾಯಿಲೆ ಪಾಯಿಂಟ್, ಕಂಡೆನ್ಸರ್, ಟೈಮಿಂಗ್‌ನಲ್ಲಿರುತ್ತದೆ. ಕಿಡಿ ದುರ್ಬಲವಾದರೂ ಪ್ಲಗ್ ಕಪ್ಪಾಗುತ್ತದೆ. ಟ್ಯಾಪೆಟ್ ಅಂತರ, ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಕೂಡ ಅಳೆಸಿ. ಒಂದು ಸಿಲಿಂಡರ್ ಸೋತಿದ್ದರೆ ಜಗತ್ತಿನ ಯಾವ ಕಾರ್ಬುರೇಟರ್ ತಂದು ಹಾಕಿದರೂ ಐಡ್ಲಿಂಗ್ ನಡುಗುತ್ತಲೇ ಇರುತ್ತದೆ. ಮಧ್ಯೆ ಯಾರಾದರೂ ಮೂಲ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಹಾಕಿದ್ದಾರಾ ಅಂತಲೂ ನೋಡಿ. ಈ ಕಾರ್ಬುರೇಟರ್‌ಗೆ ಬೇಕಾಗೋದು 3 ಪಿಎಸ್‌ಐ ಆಸುಪಾಸಿನ ಒತ್ತಡ. ಇಂಜೆಕ್ಷನ್ ಕಾರಿನ ಪಂಪ್ ಅದರ ಹತ್ತು ಪಟ್ಟಿಗಿಂತ ಜಾಸ್ತಿ ಒತ್ತುತ್ತದೆ, ಯಾವ ನೀಡಲ್ಲೂ ತಡೆಯೋಲ್ಲ.

ಜೆಟ್ಟಿನ ತಂತಿ. ಇದು ನನಗೆ ಸಿಟ್ಟು ಬರಿಸುವ ವಿದ್ಯೆ. ಮೈನ್ ಜೆಟ್ ಚಿಕ್ಕದು ಮಾಡಿದರೆ ಮೈಲೇಜ್ ಬರುತ್ತದೆ ಅನ್ನೋದು ಹಳೆಯ ನಂಬಿಕೆ. ಪಿಕಪ್ ಸಾಲದೆ ಡ್ರೈವರ್ ಇನ್ನೂ ಜೋರಾಗಿ ಒತ್ತುತ್ತಾನೆ, ಉಳಿದದ್ದು ಅಲ್ಲೇ ಖರ್ಚು. ನಿಮ್ಮ ಗಾಡಿಯಲ್ಲಿ ಐಡ್ಲಿಂಗ್‌ಗೆ ಜಾಸ್ತಿ ಪೆಟ್ರೋಲ್, ಹೈವೇಯಲ್ಲಿ ಕಡಿಮೆ ಪೆಟ್ರೋಲ್ ಅನ್ನುವ ವಿಚಿತ್ರ ಸ್ಥಿತಿ ಇರಬಹುದು. ಈಗ ಓವರ್‌ಫ್ಲೋ ಅದನ್ನು ಮುಚ್ಚಿಟ್ಟಿದೆ. ನೀಡಲ್ ಸರಿ ಮಾಡಿ ತಂತಿ ಹಾಗೇ ಬಿಟ್ಟರೆ, ಮೇಲೆ ಇ20 ಬೇರೆ, ಘಾಟಿ ಹತ್ತುವಾಗ ಎಂಜಿನ್ ಕಾದು ಎಕ್ಸಾಸ್ಟ್ ವಾಲ್ವ್ ಸುಡುವ ಅಪಾಯ ನಿಜವಾಗಿಯೂ ಇದೆ. ತಂತಿ ತೆಗೆಸಿ. ಆ ಜೆಟ್ ಗೀರಿರುತ್ತದೆ, ಹೊಸದೇ ಹಾಕಿಸಿ. ಮೈಮೇಲಿನ ನಂಬರ್ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. 125 ಅಂದರೆ 1.25 ಮಿ.ಮೀ. ತೂತು.

ಇ20ಗೆ ಜೆಟ್ ದೊಡ್ಡದು ಮಾಡಬೇಕಾ ಅಂತ ನೀವು ಮುಂದೆ ಕೇಳೇ ಕೇಳುತ್ತೀರಿ. ಲೆಕ್ಕ ಸುಲಭ. 125ರ ಬದಲು 130 ಹಾಕಿದರೆ ತೂತಿನ ವಿಸ್ತೀರ್ಣ ಸುಮಾರು 8 ಪರ್ಸೆಂಟ್ ಹೆಚ್ಚುತ್ತದೆ, ಇ20ಯ ಕೊರತೆ ಅಷ್ಟಕ್ಕಷ್ಟೇ ತುಂಬುತ್ತದೆ. ಆದರೆ ನೀವು ಇರೋದು ಮೈಸೂರಿನಲ್ಲಿ. ಆ ಕೊರತೆಯಲ್ಲಿ ಅರ್ಧವನ್ನು ಊರಿನ ಎತ್ತರವೇ ತುಂಬಿಕೊಡುತ್ತದೆ. ಹಾಗಾಗಿ ಮೊದಲು ಕಂಪನಿ ಹೇಳಿದ ಸೈಜಿನಲ್ಲೇ ಓಡಿಸಿ. ಬಿಸಿಯಾದ ಎಂಜಿನ್ ಏರಿನಲ್ಲಿ ಜಗ್ಗಿದರೆ, ಚೋಕ್ ಸ್ವಲ್ಪ ಎಳೆದಾಗ ಸರಿಹೋದರೆ, ಆಗ ಒಂದು ಸೈಜ್ ಮೇಲೆ ಹೋಗಿ. ಮಂಗಳೂರಿನಲ್ಲೋ ಕಾರವಾರದಲ್ಲೋ ಇರುವವರು ಇದೇ ಕಾರ್ ಇಟ್ಟುಕೊಂಡಿದ್ದರೆ ನಾನು ಮೊದಲೇ ಒಂದು ಸೈಜ್ ದೊಡ್ಡದು ಹಾಕಿ ಅನ್ನುತ್ತಿದ್ದೆ.

ಇನ್ನು ಆಯ್ಕೆಗಳು. ಮಾರುತಿ ಕಾರ್ಬುರೇಟರ್ ಹಾಕಿದ ಪದ್ಮಿನಿಗಳು ಬೇಕಾದಷ್ಟಿವೆ, ಓಡುತ್ತವೆ ಕೂಡ. ಸುಳ್ಳು ಹೇಳಬಾರದು. ಆದರೆ ಅದು ಮಾಡಿರೋದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್‌ಗೆ, ನಿಮ್ಮದು 1089 ಸಿಸಿಯ ನಾಲ್ಕು ಸಿಲಿಂಡರ್. ಅದಕ್ಕೆ ಎರಡು ಬಾಯಿ, ನಿಮ್ಮದಕ್ಕೆ ಒಂದು. ಮಧ್ಯೆ ಒಂದು ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಆ ಪ್ಲೇಟ್ ನೇರ ಇಲ್ಲದಿದ್ದರೆ ಗಾಳಿ ಸೋರುತ್ತದೆ. ಲಿಂಕೇಜ್, ಚೋಕ್ ಕೇಬಲ್, ಏರ್ ಕ್ಲೀನರ್ ಎಲ್ಲಕ್ಕೂ ಹೊಸ ಜುಗಾಡ್ ಬೇಕು. ಜೆಟ್‌ಗಳನ್ನು ನಿಮ್ಮ ಎಂಜಿನ್‌ಗೆ ಹೊಂದಿಸಬೇಕು, ಆ ಕೆಲಸ ಮಾತ್ರ ಯಾರೂ ಮಾಡೋಲ್ಲ. ಕೂರಿಸಿ, ಸ್ಟಾರ್ಟ್ ಮಾಡಿ, ದುಡ್ಡು ತೆಗೆದುಕೊಂಡು ಕಳಿಸುತ್ತಾರೆ. ದಿನಾ ಬಾಡಿಗೆಗೆ ಓಡುವ ಗಾಡಿಗೆ ಇದು ಒಪ್ಪುವ ದಾರಿ ಆಗಿತ್ತು. ಅಪ್ಪನ ಕಾರು ಉಳಿಸಿಕೊಳ್ಳಬೇಕು ಅನ್ನುವವರಿಗೆ ಅಲ್ಲ.

ಆನ್‌ಲೈನ್‌ನ "ಹೊಸ" ಸೋಲೆಕ್ಸ್ ಮಾದರಿಗಳ ಬಗ್ಗೆ ಹುಷಾರು. ನೋಡೋಕೆ ಥಳಥಳ. ಒಳಗಿನ ಜೆಟ್‌ಗಳ ಮೇಲೆ ಬರೆದ ನಂಬರ್‌ಗೂ ತೂತಿಗೂ ಸಂಬಂಧ ಇರದ ಪೀಸ್‌ಗಳು ನನ್ನ ಬೆಂಚ್ ಮೇಲೆ ಬಂದಿವೆ. ಕೊಳ್ಳಲೇಬೇಕು ಅಂತಿದ್ದರೆ ಹಳೆಯದನ್ನು ಬಿಸಾಡದೆ, ಅದರ ಜೆಟ್‌ಗಳನ್ನು ಇದಕ್ಕೆ ಹಾಕಿ ನೋಡುವ ಅವಕಾಶ ಇಟ್ಟುಕೊಳ್ಳಿ. ವಿದೇಶಿ ವೆಬರ್ ಕಾರ್ಬುರೇಟರ್‌ಗಳ ದೊಡ್ಡ ಜೋಡಿಬಾಯಿ ಮಾದರಿ ಬಗ್ಗೆ ಹೆಚ್ಚು ಹೇಳೋದಿಲ್ಲ. 40 ಕುದುರೆಶಕ್ತಿಯ ಎಂಜಿನ್‌ಗೆ ಅಷ್ಟು ದೊಡ್ಡ ಬಾಯಿ ಕೊಟ್ಟರೆ ಗಾಳಿಯ ವೇಗ ಬಿದ್ದು ಕೆಳಗಿನ ಪಿಕಪ್ ಹೋಗುತ್ತದೆ, ಅಷ್ಟೇ.

ನನ್ನ ಸಲಹೆ: ನಿಮ್ಮ ಸೋಲೆಕ್ಸ್ ಅನ್ನೇ ಪೂರ್ತಿ ರಿಪೇರಿ ಮಾಡಿಸಿ. ಮೈ ಒಡೆಯದಿದ್ದರೆ, ಬಿಳಿ ಪುಡಿ ಒಳದಾರಿಗಳನ್ನು ತಿಂದು ಹಾಕದಿದ್ದರೆ, ಅದು ಬದುಕುತ್ತದೆ. ಸವೆಯೋದು ಜೆಟ್‌ಗಳಿಗಿಂತ ಥ್ರಾಟಲ್ ಸ್ಪಿಂಡಲ್, ಅಂದರೆ ಥ್ರಾಟಲ್ ತಟ್ಟೆಯನ್ನು ತಿರುಗಿಸುವ ಕಡ್ಡಿ. ಅದನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಅಲ್ಲಿಂದ ಗಾಳಿ ಕದ್ದು ಒಳಗೆ ಹೋಗುತ್ತದೆ, ಐಡ್ಲಿಂಗ್ ಒಂದೇ ಸಮ ನಿಲ್ಲೋಲ್ಲ. ಆಗ ಮೆಕ್ಯಾನಿಕ್ ಮಿಕ್ಸ್ಚರ್ ಸ್ಕ್ರೂ ಬಿಚ್ಚಿ ಪೆಟ್ರೋಲ್ ಹೆಚ್ಚಿಸಿ ಮುಚ್ಚಿಡುತ್ತಾನೆ. ಒಳ್ಳೆಯ ಲೇತ್ ಕೆಲಸಗಾರರಿಂದ ತೂತು ದೊಡ್ಡದು ಮಾಡಿಸಿ, ಕಂಚಿನ ಬುಷ್ ಹಾಕಿಸಿ. ರಿಪೇರಿ ಕಿಟ್‌ಗಿಂತ (ಗ್ಯಾಸ್ಕೆಟ್, ನೀಡಲ್ ಮುಂತಾದ ಸಣ್ಣ ಭಾಗಗಳ ಸೆಟ್) ಜಾಸ್ತಿ ದುಡ್ಡು ಇದಕ್ಕೆ ಹೋಗುತ್ತದೆ, ಹೋಗಲಿ. ಬರೀ ಕಿಟ್ ಹಾಕಿ ಸ್ಪಿಂಡಲ್ ಬಿಟ್ಟರೆ ಆರು ತಿಂಗಳಿಗೆ ಮತ್ತೆ ಅದೇ ರಾಗ.

ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಪ್ರತಿ ಜೆಟ್ಟಿನ ನಂಬರ್ ಬರೆದಿಡಿ. ದಾರಿಗಳನ್ನು ಕ್ಲೀನರ್ ಮತ್ತು ಗಾಳಿಯಿಂದ ಮಾತ್ರ ತೆರೆಸಿ, ತಂತಿ ಪಿನ್ನು ಬೇಡ. ಹಿತ್ತಾಳೆ ಫ್ಲೋಟ್ ಇದ್ದರೆ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಅದಕ್ಕೆ ಬೆಸುಗೆ ಹಾಕೋಕೆ ಹೋಗಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಬದಲಿಸಿ. ಮೇಲಿನ ಮುಚ್ಚಳದ ಸ್ಕ್ರೂಗಳನ್ನು ವರ್ಷಗಟ್ಟಲೆ ಬಿಗಿದೂ ಬಿಗಿದೂ ಮುಚ್ಚಳ ಬಾಗಿರುತ್ತದೆ. ದಪ್ಪ ಗಾಜಿನ ಮೇಲೆ ಸಣ್ಣ ಮರಳುಕಾಗದ ಹರಡಿ, ನಿಧಾನವಾಗಿ ಉಜ್ಜಿ ಸಮ ಮಾಡಬಹುದು. ನೀಡಲ್ ವಾಲ್ವ್ ಕೆಳಗಿನ ವಾಷರ್ ಸುಮ್ನೆ ಲೀಕ್ ತಡೆಯೋಕೆ ಇರೋದಲ್ಲ. ಅದರ ದಪ್ಪವೇ ಬಟ್ಟಲಿನ ಮಟ್ಟ ನಿರ್ಧರಿಸುತ್ತದೆ. ಕಿಟ್‌ನಲ್ಲಿ ಎರಡು ಮೂರು ದಪ್ಪದ್ದು ಬಂದರೆ ಹಳೆಯದನ್ನು ಅಳೆದು ಅದೇ ದಪ್ಪದ್ದು ಹಾಕಿಸಿ.

ಡಯಾಫ್ರಾಮ್, ಪೆಟ್ರೋಲ್ ಪೈಪ್ ಎರಡೂ ಎಥನಾಲ್ ತಡೆಯುವ ರಬ್ಬರ್‌ನದ್ದೇ ಆಗಿರಲಿ. ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇನ್ನೂ ಹುಡುಕಬಹುದು, ಒಳ್ಳೆಯ ಹಳೆಯ ಮೈ ಬೇಕಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಆ ಟ್ಯಾಕ್ಸಿಗಳ ಕಾರಣಕ್ಕೆ ಬರುತ್ತಿದ್ದ ಸ್ಪೇರ್ ಇನ್ನು ಕಡಿಮೆಯಾಗುತ್ತಲೇ ಹೋಗುತ್ತದೆ. ಎರಡು ಕಿಟ್ ಜಾಸ್ತಿ ತೆಗೆದಿಡೋದು ಒಳ್ಳೆಯದು.

ಟ್ಯೂನಿಂಗ್ ಮಾಡೋದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ. ಮಿಕ್ಸ್ಚರ್ ಸ್ಕ್ರೂ ಮೆತ್ತಗೆ ತಳ ಮುಟ್ಟಿಸಿ, ಒಂದೂವರೆ ಸುತ್ತು ಹೊರಗೆ ತೆಗೆದು ಶುರು ಮಾಡಿ. ಬಿಗಿಯಾಗಿ ಒತ್ತಿದರೆ ಅದರ ಚೂಪು ತುದಿಗೆ ಗೆರೆ ಬಿದ್ದು ಆಮೇಲೆ ಯಾವತ್ತೂ ಸರಿಯಾಗಿ ಸೆಟ್ ಆಗೋಲ್ಲ. ಎಂಜಿನ್ ಎಲ್ಲಿ ಅತ್ಯಂತ ನಯವಾಗಿ ಓಡುತ್ತದೋ ಅಲ್ಲಿ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂ ಇಳಿಸಿ, ಇನ್ನೊಂದು ಸಲ ಹಾಗೇ ಮಾಡಿ. ಆಮೇಲೆ ಸೀದಾ ಹೊಗೆ ತಪಾಸಣೆ ಕೇಂದ್ರಕ್ಕೆ ಹೋಗಿ. ಸರ್ಟಿಫಿಕೇಟ್‌ಗೆ ಅಷ್ಟೇ ಅಲ್ಲ, ಅವರ ಮೀಟರ್‌ನಲ್ಲಿ ಕಾಣುವ ಕಾರ್ಬನ್ ಮೊನಾಕ್ಸೈಡ್ ನಂಬರ್‌ಗೆ. ನಿಮ್ಮ ಕಾಲದ ಕಾರಿಗೆ 3 ಪರ್ಸೆಂಟ್ ಮಿತಿ. 1.5ರಿಂದ 2.5ರ ಒಳಗೆ ಬಂದರೆ ನನಗೆ ಸಮಾಧಾನ. 5, 6 ತೋರಿಸಿದರೆ ನೀಡಲ್ ಅಥವಾ ಚೋಕ್ ಡಿಸ್ಕ್ ಇನ್ನೂ ಸೋರುತ್ತಿದೆ ಅಂತ ಅರ್ಥ, ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ. 1ಕ್ಕಿಂತ ಕೆಳಗಿದ್ದು ಐಡ್ಲಿಂಗ್ ತಡವರಿಸಿದರೆ ಎಲ್ಲೋ ಗಾಳಿ ಸೋರಿಕೆ ಇದೆ, ಕಾರ್ಬುರೇಟರ್ ತಳದ ಗ್ಯಾಸ್ಕೆಟ್ ನೋಡಿಸಿ.

ಮೊದಲ ಸಾವಿರ ಕಿ.ಮೀ. ಒಳಗೆ ಫಿಲ್ಟರ್ ಎರಡು ಸಲ ಬದಲಿಸಿ, ಟ್ಯಾಂಕಿನ ತುಕ್ಕು ಹೊಸ ನೀಡಲ್‌ಗೆ ಬರದಂತೆ. ಫಿಲ್ಟರ್‌ನಲ್ಲಿ ಕೆಂಪು ಪುಡಿ ನಿಲ್ಲದೆ ಬರುತ್ತಿದ್ದರೆ ಟ್ಯಾಂಕ್ ಇಳಿಸಿ ತೊಳೆಸದೆ ಬೇರೆ ದಾರಿ ಇಲ್ಲ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಿಂದ ಪಂಪ್‌ಗೆ ಬರುವ ಪೆಟ್ರೋಲ್ ಪೈಪ್ ಕಳಚಿ, ಬಟ್ಟಲಿನಲ್ಲಿರೋದು ಮುಗಿಯುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ಸ್ಟಾರ್ಟ್ ಮಾಡುವ ಮುಂಚೆಯೇ ಕಳಚಿದ ಪೈಪಿನ ಬಾಯಿಗೆ ಬೋಲ್ಟ್ ಹಾಕಿ ಕ್ಲಿಪ್ ಬಿಗಿಯೋದು ಮರೆಯಬೇಡಿ.